ಕುಡಿತ ಕೈಮೀರುವ ಮೊದಲೇ: ಗ್ರಾಂ ಲೆಕ್ಕ, ನಾಲ್ಕು ವಾರದ ಪರೀಕ್ಷೆ, ಮೊದಲ ಭೇಟಿ

ಇಪ್ಪತ್ತರಿಂದ ಮೂವತ್ತರೊಳಗಿನವರು ‘ಕುಡಿತ ಜಾಸ್ತಿಯಾಗಿದೆ’ ಎಂದು ಹೇಳಿಕೊಂಡು ವೈದ್ಯರ ಬಳಿ ಬರುವುದು ಅಪರೂಪ. ಬಂದರೂ ಎದೆಯುರಿ, ನಿದ್ದೆ ಇಲ್ಲ, ಸುಮ್ಮಸುಮ್ಮನೆ ಗಾಬರಿ, ಗಾಡಿಯಿಂದ ಬಿದ್ದೆ ಅಂತ ಬರುತ್ತಾರೆ. ಕುಡುಕ ಎಂದ ಕೂಡಲೇ ಅವರ ಕಣ್ಣಿಗೆ ಕಟ್ಟುವುದು ಬೆಳಗಾಗುತ್ತಲೇ ಬಾಟಲಿ ಹಿಡಿಯುವ, ಕೆಲಸ ಕಳೆದುಕೊಂಡ, ಐವತ್ತು ದಾಟಿದ ಮನುಷ್ಯ. ಅವನ ಜೊತೆ ಹೋಲಿಸಿಕೊಂಡರೆ ಯಾರಿಗಾದರೂ ತಾನು ಚೆನ್ನಾಗಿಯೇ ಇದ್ದೇನೆ ಅನ್ನಿಸುತ್ತದೆ. ಆದರೆ ಆ ಸ್ಥಿತಿಗೆ ಯಾರೂ ಒಂದೇ ದಿನದಲ್ಲಿ ತಲುಪುವುದಿಲ್ಲ. ದಾರಿಯ ಆರಂಭದಲ್ಲೇ ಹಿಡಿದರೆ ಬೇಕಾಗುವ ಸಹಾಯವೆಂದರೆ ಬಹುಪಾಲು ಕೆಲವು ಮಾತುಕತೆಗಳು, ಒಂದು ಡೈರಿ, ಕೆಲವರಿಗೆ ಒಂದು ಮಾತ್ರೆ. ತಡವಾದರೆ ಆಸ್ಪತ್ರೆಯ ಹಾಸಿಗೆಯೇ ಬೇಕಾಗುತ್ತದೆ.

2000ದ ದಶಕದ ಆರಂಭದಿಂದ ಈಚೆಗೆ ಅನೇಕ ಶ್ರೀಮಂತ ದೇಶಗಳಲ್ಲಿ ಹದಿಹರೆಯದವರ ಮತ್ತು ಯುವಜನರ ಕುಡಿತ ಕಡಿಮೆಯಾಗುತ್ತ ಬಂದಿದೆ. ಪಾರ್ಟಿಯಲ್ಲಿ ‘ನನಗೆ ಬೇಡ’ ಎನ್ನುವುದು ಮೊದಲಿನಷ್ಟು ಮುಜುಗರದ ಮಾತಲ್ಲ. ಒಂದು ತಿಂಗಳು ಬಿಟ್ಟು ನೋಡುವ ರೂಢಿಯೂ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ, ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲ ಎಂದು ನೇರವಾಗಿ ಹೇಳಿತು. ಇದೆಲ್ಲ ಒಳ್ಳೆಯದೇ. ಆದರೆ ಬದಲಾದ ಈ ವಾತಾವರಣ ಒಂದು ಹೊಸ ಮರೆಯನ್ನೂ ಒದಗಿಸಿದೆ. ‘ನಾನು ವಾರಾಂತ್ಯಕ್ಕೆ ಮಾತ್ರ’ ಎನ್ನುವವರು ತಮ್ಮನ್ನು ಕಡಿಮೆ ಕುಡಿಯುವವರ ಪಟ್ಟಿಗೆ ಸೇರಿಸಿಕೊಂಡುಬಿಡುತ್ತಾರೆ. ಆ ಒಂದು ರಾತ್ರಿಯಲ್ಲಿ ಎಷ್ಟು ಎಂದು ಲೆಕ್ಕ ಹಾಕಿದಾಗ ಚಿತ್ರ ಬೇರೆಯೇ ಇರುತ್ತದೆ. ಹಾಗಾಗಿ ಮೊದಲ ಕೆಲಸ ಲೆಕ್ಕ.

ಗ್ಲಾಸು ಬಿಡಿ, ಗ್ರಾಂ ಹಿಡಿಯಿರಿ

‘ಎರಡು ಪೆಗ್’, ‘ಮೂರು ಬಿಯರ್’ ಎಂಬ ಲೆಕ್ಕ ಕೆಲಸಕ್ಕೆ ಬಾರದು. ಪೆಗ್ಗಿನ ಗಾತ್ರವೂ ಬಿಯರಿನ ಗಾಢತೆಯೂ ಒಂದೇ ಸಮ ಇರುವುದಿಲ್ಲ. ಬಾಟಲಿಯ ಮೇಲಿರುವ ಎರಡು ಅಂಕಿ ಸಾಕು: ಎಷ್ಟು ಮಿಲಿಲೀಟರ್, ಶೇಕಡಾ ಎಷ್ಟು ಮದ್ಯಸಾರ. ಮಿಲಿಲೀಟರನ್ನು ಶೇಕಡಾವಾರಿನಿಂದ ಗುಣಿಸಿ, 100ರಿಂದ ಭಾಗಿಸಿ, ಬಂದದ್ದನ್ನು 0.79ರಿಂದ ಗುಣಿಸಿ. ಅದೇ ಶುದ್ಧ ಮದ್ಯಸಾರದ ತೂಕ, ಗ್ರಾಂಗಳಲ್ಲಿ. (ಮದ್ಯಸಾರ ನೀರಿಗಿಂತ ಹಗುರ. ಒಂದು ಮಿಲಿಲೀಟರ್ ಸುಮಾರು 0.79 ಗ್ರಾಂ ತೂಗುತ್ತದೆ.)

ಶೇ 5ರ 330 ಮಿ.ಲೀ. ಬಿಯರ್‌ನಲ್ಲಿ ಇರುವುದು 13 ಗ್ರಾಂ. ಶೇ 8ರ ಸ್ಟ್ರಾಂಗ್ ಬಿಯರ್, 500 ಮಿ.ಲೀ. ಕ್ಯಾನ್ ಆದರೆ ಸುಮಾರು 32 ಗ್ರಾಂ, ಅಂದರೆ ಎರಡೂವರೆ ಸಾಧಾರಣ ಬಿಯರಿನಷ್ಟು. ಶೇ 13ರ ವೈನ್ 150 ಮಿ.ಲೀ.ಗೆ 15 ಗ್ರಾಂ. ಶೇ 40ರ ವಿಸ್ಕಿ, ರಮ್, ವೋಡ್ಕಾ ಯಾವುದೇ ಆಗಲಿ, 60 ಮಿ.ಲೀ.ಗೆ 19 ಗ್ರಾಂ. ನಾಲ್ಕು ಬಗೆಯ ಮದ್ಯ ಬೆರೆಸಿದ ಎತ್ತರದ ಕಾಕ್‌ಟೇಲ್ ಗ್ಲಾಸನ್ನು ‘ಒಂದು’ ಎಂದು ಎಣಿಸುವವರು ಅದರಲ್ಲಿ ಏನೇನು ಎಷ್ಟೆಷ್ಟು ಸುರಿಯುತ್ತಾರೆ ಎಂದು ಒಮ್ಮೆ ಕೇಳಿ ನೋಡಲಿ.

ಮನೆಯಲ್ಲಿ ಕುಡಿಯುವವರು ಇನ್ನೊಂದು ಸಣ್ಣ ಪರೀಕ್ಷೆ ಮಾಡಬೇಕು. ದಿನಾ ಬಳಸುವ ಅದೇ ಗ್ಲಾಸಿಗೆ, ಕುಡಿಯುವಾಗ ಸುರಿಯುವ ಹಾಗೆಯೇ, ಕಣ್ಣಂದಾಜಿನಲ್ಲಿ ನೀರು ಸುರಿಯಿರಿ. ಆಮೇಲೆ ಅದನ್ನು ಕೆಮ್ಮಿನ ಔಷಧಿಯ ಜೊತೆ ಬರುವ ಅಳತೆ ಮುಚ್ಚಳದಿಂದಲೋ ಅಡುಗೆಮನೆಯ ಅಳತೆ ಕಪ್ಪಿನಿಂದಲೋ ಅಳೆಯಿರಿ. ತಳ ಅಗಲವಿರುವ ಗ್ಲಾಸಿನಲ್ಲಿ ಅಂದಾಜು ಸದಾ ಕಡಿಮೆಯೇ ಕಾಣುತ್ತದೆ. 30 ಅಂದುಕೊಂಡದ್ದು 50 ಆಗಿದ್ದರೆ ಆಶ್ಚರ್ಯಪಡಬೇಡಿ.

ಒಂದೇ ಕೂಟದಲ್ಲಿ 60 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಕುಡಿಯುವುದನ್ನು ವಿಶ್ವ ಆರೋಗ್ಯ ಸಂಸ್ಥೆ ವಿಪರೀತ ಕುಡಿತದ ಕೂಟ ಎಂದು ಲೆಕ್ಕ ಹಾಕುತ್ತದೆ. ಮೇಲಿನ ಸ್ಟ್ರಾಂಗ್ ಬಿಯರ್ ಎರಡು ಕ್ಯಾನ್ ಮುಗಿಸಿದರೆ 63. ‘ಬರೀ ಎರಡು ಬಿಯರ್ ಕಣೋ’ ಎನ್ನುವ ಮಾತಿನೊಳಗೇ ಆ ಗೆರೆ ದಾಟಿರುತ್ತದೆ.

ಇಂಟರ್‌ನೆಟ್ಟಿನಲ್ಲಿ ಸಿಗುವ ‘ವಾರಕ್ಕೆ ಇಷ್ಟು ಡ್ರಿಂಕ್’ ಎಂಬ ಮಿತಿಗಳನ್ನು ಹಾಗೆಯೇ ತೆಗೆದುಕೊಂಡರೆ ಮೋಸಹೋಗುತ್ತೀರಿ. ಬ್ರಿಟನ್ನಿನ ಒಂದು ಯೂನಿಟ್ 8 ಗ್ರಾಂ, ಅಮೆರಿಕದ ಒಂದು ಡ್ರಿಂಕ್ 14 ಗ್ರಾಂ. ಒಂದು ದೇಶದ ಮಿತಿಯನ್ನು ಇನ್ನೊಂದು ದೇಶದ ಅಳತೆಗೆ ಹಚ್ಚಿದರೆ ಲೆಕ್ಕ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಗ್ರಾಂ ಎಲ್ಲಿ ಹೋದರೂ ಗ್ರಾಮೇ.

ದೇಹ ಇದನ್ನು ಕರಗಿಸುವ ವೇಗ ಗಂಟೆಗೆ ಸುಮಾರು 7ರಿಂದ 10 ಗ್ರಾಂ. ರಾತ್ರಿ ಹತ್ತಕ್ಕೆ ಶುರುಮಾಡಿ 80 ಗ್ರಾಂ ಕುಡಿದವರ ರಕ್ತದಲ್ಲಿ ಬೆಳಿಗ್ಗೆ ಎಂಟು, ಒಂಬತ್ತರವರೆಗೂ ಮದ್ಯ ಉಳಿದಿರಬಹುದು. ಕಾಫಿ, ತಣ್ಣೀರು ಸ್ನಾನ, ವಾಂತಿ, ಬೆವರು ಸುರಿಯುವ ವ್ಯಾಯಾಮ ಯಾವುದೂ ಈ ವೇಗ ಹೆಚ್ಚಿಸುವುದಿಲ್ಲ. ಎಚ್ಚರವಾದಂತೆ ಅನ್ನಿಸುತ್ತದೆ, ಅಷ್ಟೇ. ಎನರ್ಜಿ ಡ್ರಿಂಕ್ ಬೆರೆಸಿದಾಗ ಆಗುವುದೂ ಇದೇ: ಮಂಪರು ಮರೆಯಾಗುತ್ತದೆ, ಅಮಲು ಹಾಗೇ ಇರುತ್ತದೆ, ‘ಇನ್ನೂ ಏರಿಲ್ಲ’ ಎಂದು ಮತ್ತಷ್ಟು ಕುಡಿಯುತ್ತಾರೆ.

ಹತ್ತು ಪ್ರಶ್ನೆ

ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಆಡಿಟ್’ ಎಂಬ ಹತ್ತು ಪ್ರಶ್ನೆಗಳ ಪಟ್ಟಿ ಪುಕ್ಕಟೆ ಸಿಗುತ್ತದೆ, ಐದು ನಿಮಿಷ ಸಾಕು. ಮೊದಲ ಮೂರು ಪ್ರಶ್ನೆ ಎಷ್ಟು, ಎಷ್ಟು ಸಲ ಎಂಬುದರ ಬಗ್ಗೆ. 4ರಿಂದ 6 ಹಿಡಿತ ತಪ್ಪಿದೆಯೇ ಎಂಬುದರ ಬಗ್ಗೆ: ಶುರುಮಾಡಿದ ಮೇಲೆ ನಿಲ್ಲಿಸಲಾಗದ್ದು, ಮಾಡಬೇಕಾದ ಕೆಲಸ ಕುಡಿತದಿಂದ ತಪ್ಪಿದ್ದು, ಬೆಳಿಗ್ಗೆ ಎದ್ದು ಒಂದು ಗುಟುಕು ಬೇಕಾದದ್ದು. 7ರಿಂದ 10 ಆದ ಹಾನಿಯ ಬಗ್ಗೆ: ಪಶ್ಚಾತ್ತಾಪ, ರಾತ್ರಿ ನಡೆದದ್ದು ನೆನಪಿಲ್ಲದ್ದು, ಗಾಯ, ಯಾರಾದರೂ ‘ಕಡಿಮೆ ಮಾಡು’ ಎಂದದ್ದು. ಒಟ್ಟು 40 ಅಂಕ. 7ರವರೆಗೆ ಅಪಾಯ ಕಡಿಮೆ. 8ರಿಂದ 15 ಬಂದರೆ ಕಡಿಮೆ ಮಾಡುವ ಸಲಹೆ ಬೇಕು. 16ರಿಂದ 19ಕ್ಕೆ ಆಪ್ತಸಲಹೆ ಮತ್ತು ಮೇಲ್ವಿಚಾರಣೆ. 20 ಮತ್ತು ಮೇಲೆ ಬಂದರೆ ತಜ್ಞರಿಂದ ಪೂರ್ತಿ ತಪಾಸಣೆ.

ಮೊದಲ ಮೂರನ್ನೇ ಬೇರೆಯಾಗಿ ಲೆಕ್ಕ ಹಾಕುವ ಕಿರು ರೂಪವೂ ಇದೆ. ಅದರಲ್ಲಿ 12ಕ್ಕೆ ಗಂಡಸರಿಗೆ 4, ಹೆಂಗಸರಿಗೆ 3 ಬಂದರೆ ಮುಂದೆ ವಿಚಾರಿಸಬೇಕು ಎಂದರ್ಥ. ನಮ್ಮ ವಾರಾಂತ್ಯದ ಹುಡುಗನನ್ನು ಇದಕ್ಕೆ ಹಚ್ಚಿ ನೋಡಿ. ಪ್ರತಿ ಶನಿವಾರ ಮಾತ್ರ, ಅಂದರೆ ತಿಂಗಳಿಗೆ ನಾಲ್ಕು ಸಲ: 2 ಅಂಕ. ಆ ದಿನ ಎರಡು ಸ್ಟ್ರಾಂಗ್ ಕ್ಯಾನ್, 63 ಗ್ರಾಂ, 10 ಗ್ರಾಂನ ಡ್ರಿಂಕ್ ಲೆಕ್ಕದಲ್ಲಿ ಆರು: 2 ಅಂಕ. ಒಂದೇ ಸಲಕ್ಕೆ ಆರು ಅಥವಾ ಹೆಚ್ಚು ಕುಡಿಯುವುದು ವಾರಕ್ಕೊಮ್ಮೆ: 3 ಅಂಕ. ಒಟ್ಟು 7. ವಾರದ ಆರು ದಿನ ಮುಟ್ಟದವನೂ ಗೆರೆಯಿಂದ ಸಾಕಷ್ಟು ಮೇಲಿದ್ದಾನೆ.

ಈ ಪಟ್ಟಿ ತುಂಬುವಾಗ ಸಾಮಾನ್ಯವಾಗಿ ಎರಡು ತಪ್ಪಾಗುತ್ತವೆ. ಪಟ್ಟಿ ಕೇಳುವುದು ಇಡೀ ವರ್ಷವನ್ನು. ಜನ ಉತ್ತರಿಸುವುದು ಪರೀಕ್ಷೆಯೋ ಜ್ವರವೋ ಇದ್ದ, ಅಷ್ಟಾಗಿ ಕುಡಿಯದ ಕಳೆದ ತಿಂಗಳನ್ನು ನೆನೆಸಿಕೊಂಡು. ಇನ್ನೊಂದು, ಒಟ್ಟು ಅಂಕ ಕಡಿಮೆ ಬಂತೆಂದು ಪುಟ ಮಡಿಸಿಬಿಡುವುದು. 4, 5, 6ನೇ ಪ್ರಶ್ನೆಗಳಲ್ಲಿ ಅಂಕ ಬಿದ್ದಿದ್ದರೆ, ಅದರಲ್ಲೂ ವಾರವಾರವೂ ಹಾಗಾಗುತ್ತಿದ್ದರೆ, ಒಟ್ಟು ಎಷ್ಟೇ ಇರಲಿ, ಅವಲಂಬನೆ ಶುರುವಾಗಿದೆ ಎಂದು ತಿಳಿಯಬೇಕು.

ಪಟ್ಟಿಯಲ್ಲಿ ನೇರವಾಗಿ ಕಾಣದ, ಆದರೆ ಈ ವಯಸ್ಸಿನಲ್ಲಿ ತುಂಬ ಹೇಳುವ ಸಂಗತಿಗಳಿವೆ. ‘ನನಗೆ ಬೇಗ ಏರೋದೇ ಇಲ್ಲ’ ಎಂಬುದು ಗೆಳೆಯರ ನಡುವೆ ಹೆಮ್ಮೆಯ ಮಾತು. ವೈದ್ಯರ ಕಿವಿಗೆ ಅದು ಸಹಿಷ್ಣುತೆ ಬೆಳೆದಿದೆ ಎಂಬ ಸುದ್ದಿ. ಮಿದುಳು ಒಗ್ಗಿಕೊಂಡಿದೆ, ಲಿವರ್‌ಗೆ ಬೀಳುವ ಏಟು ಮಾತ್ರ ಒಂದು ಗ್ರಾಂ ಕೂಡ ಕಡಿಮೆಯಾಗಿಲ್ಲ. ಬ್ಲ್ಯಾಕೌಟ್ ಇನ್ನೊಂದು. ಅದು ಮರೆವಲ್ಲ. ಮನುಷ್ಯ ಮಾತಾಡುತ್ತಾ, ಓಡಾಡುತ್ತಾ ಇರುತ್ತಾನೆ, ಆದರೆ ಮಿದುಳು ಏನನ್ನೂ ದಾಖಲಿಸಿಕೊಳ್ಳುತ್ತಿಲ್ಲ. ದಾಖಲಾಗದ್ದು ಮರುದಿನ ನೆನಪಾಗುವುದೂ ಇಲ್ಲ. ಖಾಲಿ ಹೊಟ್ಟೆ ಮತ್ತು ವೇಗ ಸೇರಿದಾಗ ಇದು ಹೆಚ್ಚು. ಮೂರನೆಯದು ಕಾರಣ ಬದಲಾಗುವುದು: ಮಜಾಕ್ಕೆ ಶುರುವಾದದ್ದು ನಿದ್ದೆಗೆ, ಜನರೆದುರು ಮಾತಾಡುವ ಅಳುಕಿಗೆ, ಬ್ರೇಕಪ್ಪಿಗೆ ಔಷಧಿಯಾಗುವುದು. ನಾವು ಅಂಕಕ್ಕಿಂತ ಈ ಮೂರನೆಯದಕ್ಕೆ ಹೆಚ್ಚು ಬೆಲೆ ಕೊಡುತ್ತೇವೆ. ಒಬ್ಬರೇ ಕೂತು, ಒಂದು ನಿರ್ದಿಷ್ಟ ಭಾವನೆ ಕಳೆಯಲೆಂದು ಕುಡಿಯುವ ಕುಡಿತ ಬೇರೂರುವ ಬಗೆಯೇ ಬೇರೆ. ಯೋಜನೆ, ತಡೆತವನ್ನು ನೋಡಿಕೊಳ್ಳುವ ಮಿದುಳಿನ ಮುಂಭಾಗ ಇಪ್ಪತ್ತೈದರ ಆಸುಪಾಸಿನವರೆಗೂ ಬಲಿಯುತ್ತಲೇ ಇರುತ್ತದೆ. ಹತ್ತಿರದ ರಕ್ತಸಂಬಂಧಿಗಳಲ್ಲಿ ಕುಡಿತದ ಸಮಸ್ಯೆ ಇದ್ದವರು ಮೇಲಿನ ಗೆರೆಗಳನ್ನೆಲ್ಲ ಇನ್ನಷ್ಟು ಕೆಳಗೆ ಎಳೆದುಕೊಳ್ಳುವುದು ಒಳ್ಳೆಯದು.

ಬಿಡುವ ಮುನ್ನ: ಯಾರು ಒಮ್ಮೆಲೇ ಬಿಡಬಾರದು

ಈ ಭಾಗವನ್ನು ಹಾರಿಸಬೇಡಿ. ದಿನಾ ಹೆಚ್ಚು ಕುಡಿಯುವವರು, ಬೆಳಿಗ್ಗೆ ಕೈ ನಡುಗುವವರು, ನಡುಕ ನಿಲ್ಲಲು ಬೆಳಿಗ್ಗೆಯೇ ಸ್ವಲ್ಪ ಹಾಕಿಕೊಳ್ಳುವವರು, ಹಿಂದೆ ಬಿಟ್ಟಾಗ ಫಿಟ್ಸ್ ಬಂದವರು ಅಥವಾ ಇಲ್ಲದ್ದು ಕಂಡು ಕೇಳಿದವರು ಮನೆಯಲ್ಲಿ ತಾವೇ ಒಮ್ಮೆಲೇ ನಿಲ್ಲಿಸಬಾರದು. ಮದ್ಯ ಮಿದುಳಿನ ಮೇಲೆ ಒತ್ತಿ ಹಿಡಿದ ಬ್ರೇಕಿನಂತೆ ಕೂತಿರುತ್ತದೆ. ಮಿದುಳು ಅದನ್ನು ಮೀರಲು ಎಕ್ಸಿಲರೇಟರ್ ಒತ್ತಿಯೇ ಇಟ್ಟಿರುತ್ತದೆ. ಬ್ರೇಕು ಹಠಾತ್ತನೆ ತೆಗೆದರೆ ಉಳಿಯುವುದು ಎಕ್ಸಿಲರೇಟರ್ ಒಂದೇ.

ಕೊನೆಯ ಗುಟುಕಿನ ನಂತರ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ವಾಕರಿಕೆ, ಎದೆ ಡವಡವ, ನಿದ್ದೆ ಹತ್ತದಿರುವುದು ಶುರುವಾಗುತ್ತದೆ. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ ಮೊದಲ 48 ಗಂಟೆಯೊಳಗೆ. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ದಿಕ್ಕು, ಹೊತ್ತು ತಿಳಿಯದ ಗೊಂದಲ, ಭ್ರಮೆ, ಜ್ವರ, ಏರಿದ ರಕ್ತದೊತ್ತಡ ಒಟ್ಟಿಗೇ ಬರಬಹುದು. ಇದನ್ನು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ, ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಅಪಾಯ. ಆಸ್ಪತ್ರೆಯಲ್ಲಿ ಡಯಾಜೆಪಾಮ್ ಅಥವಾ ಕ್ಲೋರ್ಡಯಾಜೆಪಾಕ್ಸೈಡ್ ಥರದ ಔಷಧಿಯನ್ನು ಕೆಲವು ದಿನಗಳಲ್ಲಿ ಇಳಿಸುತ್ತಾ ಕೊಟ್ಟು ಇದನ್ನು ದಾಟಿಸುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1 ಜೀವಸತ್ವ. ಅದರ ಕೊರತೆಯಿಂದ ಗೊಂದಲ, ಕಣ್ಣಿನ ಚಲನೆಯ ತೊಂದರೆ, ನಡಿಗೆ ತೂರಾಡುವುದು ಬಂದು ನೆನಪಿನ ಶಕ್ತಿಗೆ ಶಾಶ್ವತ ಪೆಟ್ಟು ಬೀಳಬಹುದು. ಯಾರದೋ ಮನೆಯ ನಿದ್ದೆಮಾತ್ರೆ ತಂದು ಇದೇ ಚಿಕಿತ್ಸೆ ಸ್ವಂತ ಮಾಡಿಕೊಳ್ಳುವುದು ಬೇಡ. ನಡುವೆ ಮತ್ತೆ ಕುಡಿದರೆ ಎರಡೂ ಸೇರಿ ಉಸಿರಾಟವನ್ನೇ ನಿಧಾನಗೊಳಿಸುತ್ತವೆ.

ವಾರಕ್ಕೊಮ್ಮೆ, ಎರಡು ಸಲ ಕುಡಿಯುವ ಬಹುಪಾಲು ಯುವಜನರಿಗೆ ಈ ಅಪಾಯವಿಲ್ಲ. ಅವರು ಮುಂದಿನ ಭಾಗಕ್ಕೆ ಹೋಗಬಹುದು.

ನಾಲ್ಕು ವಾರ

ಪೂರ್ತಿ ಬಿಡುವುದೋ, ಮಿತಿ ಹಾಕಿಕೊಳ್ಳುವುದೋ? ಪರೀಕ್ಷೆಯ ಮಟ್ಟಿಗೆ ಪೂರ್ತಿ ಬಿಡುವುದೇ ಸುಲಭ. ‘ಎರಡಕ್ಕೆ ನಿಲ್ಲಿಸುತ್ತೇನೆ’ ಎಂಬ ನಿರ್ಧಾರವನ್ನು ಎರಡು ಕುಡಿದ ತಲೆಯೇ ಪಾಲಿಸಬೇಕು. ಸೊನ್ನೆಯ ನಿರ್ಧಾರವನ್ನು ಪಾಲಿಸುವುದು ಎಚ್ಚರವಿರುವ ತಲೆ.

ಶುರುಮಾಡುವ ಮುಂಚಿನ ಒಂದು ವಾರ ಏನನ್ನೂ ಬದಲಿಸಬೇಡಿ, ಬರೆದಿಡಿ ಅಷ್ಟೇ. ದಿನ, ಹೊತ್ತು, ಜೊತೆಗೆ ಯಾರು, ಎಷ್ಟು ಗ್ರಾಂ, ಮೊದಲ ಗುಟುಕಿಗೆ ಮುಂಚೆ ಮನಸ್ಸು ಹೇಗಿತ್ತು, ಎಷ್ಟು ಹಣ. ಕುಡಿದ ರಾತ್ರಿಯೇ ಬರೆಯಿರಿ. ಬೆಳಿಗ್ಗೆ ಬರೆದ ಲೆಕ್ಕದಲ್ಲಿ ಕೊನೆಯ ಎರಡು ಗ್ಲಾಸು ಕಾಣೆಯಾಗಿರುತ್ತವೆ. ವಾರದ ಕೊನೆಗೆ ಒಂದು ಮಾದರಿ ಕಾಣಿಸುತ್ತದೆ: ಸಂಬಳದ ದಿನ, ಒಬ್ಬ ಗೆಳೆಯ, ಒಂದು ಆ್ಯಪ್, ಅಥವಾ ಸಂಜೆ ಏಳರಿಂದ ಎಂಟರ ನಡುವಿನ ಖಾಲಿ ಹೊತ್ತು. ಆ ಒಂದೆರಡಕ್ಕೆ ಮಾತ್ರ ಬೇರೆ ವ್ಯವಸ್ಥೆ ಮಾಡಿ. ಬದುಕನ್ನೇ ಬದಲಿಸಲು ಹೊರಟವರು ಎರಡನೇ ವಾರಕ್ಕೇ ಸುಸ್ತಾಗುತ್ತಾರೆ.

ಮನೆಯಲ್ಲಿ ಬಾಟಲಿ ಇರಬಾರದು. ‘ಗೆಸ್ಟ್ ಬಂದರೆ ಬೇಕು’ ಎಂಬ ಬಾಟಲಿಯೂ ಬೇಡ. ತರಿಸಿಕೊಳ್ಳುವ ಆ್ಯಪ್ ಇದ್ದರೆ ತೆಗೆದುಹಾಕಿ. ಮತ್ತೆ ಹಾಕಿಕೊಳ್ಳಲು ಎರಡೇ ನಿಮಿಷ ಸಾಕು, ಗೊತ್ತು. ಆದರೆ ಆಸೆಯ ಎದುರು ಆ ಎರಡು ನಿಮಿಷಕ್ಕೂ ಬೆಲೆಯಿದೆ. ಕೂಟಕ್ಕೆ ಹೋಗಲೇಬೇಕಾದರೆ ಊಟ ಮಾಡಿಕೊಂಡು ಹೋಗಿ, ಒಳಗೆ ಕಾಲಿಟ್ಟ ಕೂಡಲೇ ಕೈಯಲ್ಲಿ ಸೋಡಾವನ್ನೋ ಜ್ಯೂಸನ್ನೋ ಹಿಡಿಯಿರಿ, ಮರಳುವ ಗಾಡಿಯನ್ನು ಮೊದಲೇ ಗೊತ್ತುಮಾಡಿ. ಹೇಳುವ ಮಾತು ಚಿಕ್ಕದಿರಲಿ: ‘ಈ ತಿಂಗಳು ಬೇಡ ಮಗಾ, ನೀನು ತಗೋ.’ ಕಾರಣ ಕೊಡಬೇಡಿ. ಕಾರಣ ಕೊಟ್ಟರೆ ಅದರ ಮೇಲೆ ಚರ್ಚೆ ಶುರುವಾಗುತ್ತದೆ. ‘ಆ್ಯಂಟಿಬಯಾಟಿಕ್ ತಗೋತಿದೀನಿ’ ಎಂಬ ಸುಳ್ಳು ಒಂದು ವಾರಕ್ಕೆ ಮಾತ್ರ ನಡೆಯುತ್ತದೆ. ಎರಡು ಸಲ ಅದೇ ವಾಕ್ಯ ಹೇಳಿದ ಮೇಲೂ ಒತ್ತಾಯ ನಿಲ್ಲದಿದ್ದರೆ ಎದ್ದುಬರುವುದೇ ಸರಿ.

ಆಸೆ ಅಲೆಯ ಹಾಗೆ ಏರಿ ಇಳಿಯುತ್ತದೆ. ಹೆಚ್ಚಿನವರಿಗೆ ಅದರ ಆಯಸ್ಸು ಅರ್ಧ ಗಂಟೆಯೊಳಗೆ. ಗಡಿಯಾರ ನೋಡಿ ಹೊತ್ತು ಬರೆದುಕೊಳ್ಳಿ, 20 ನಿಮಿಷ ಮುಂದೂಡಿ, ಅಷ್ಟರಲ್ಲಿ ಏನಾದರೂ ತಿನ್ನಿ, ಹೊರಗೆ ನಡೆಯಿರಿ ಅಥವಾ ಒಬ್ಬರಿಗೆ ಫೋನ್ ಮಾಡಿ. ಹಸಿವು ಮತ್ತು ನಿದ್ದೆಗೇಡು ಆಸೆಯ ವೇಷದಲ್ಲಿ ಬರುವುದು ಸಾಮಾನ್ಯ, ಹಾಗಾಗಿ ಮೊದಲು ತಿಂದು ನೋಡಿ. ಮದ್ಯರಹಿತ ಬಿಯರ್ ಕೆಲವರಿಗೆ ಒಳ್ಳೆಯ ಊರುಗೋಲು, ಕೆಲವರಿಗೆ ಅದರ ವಾಸನೆಯೇ ಕಿಡಿ ಹೊತ್ತಿಸುತ್ತದೆ. ಕುಡಿದು ಒಂದು ಗಂಟೆಯ ಮೇಲೂ ‘ನಿಜವಾದದ್ದು’ ಬೇಕೆನಿಸಿದರೆ ಅದು ನಿಮಗಲ್ಲ. ಲೇಬಲ್ ಓದಿ, ಅಂಥ ಕೆಲವು ಬಿಯರ್‌ಗಳಲ್ಲಿ ಶೇ 0.5ರವರೆಗೂ ಇರುತ್ತದೆ.

ಮೊದಲ ವಾರ, ಹತ್ತು ದಿನ ನಿದ್ದೆ ಕೆಡಬಹುದು. ಇಲ್ಲೇ ಬಹಳಷ್ಟು ಜನ ಕೈಚೆಲ್ಲುವುದು: ‘ಕುಡಿದರೇ ಚೆನ್ನಾಗಿ ನಿದ್ದೆ ಬರ್ತಿತ್ತು’. ಮದ್ಯ ಬೇಗ ಮಲಗಿಸುತ್ತದೆ, ಆದರೆ ರಾತ್ರಿಯ ಎರಡನೇ ಅರ್ಧವನ್ನು ಒಡೆದುಹಾಕುತ್ತದೆ. ಬಿಟ್ಟ ಮೇಲೆ ಕನಸುಗಳು ದಂಡಿಯಾಗಿ ಬರುವುದು, ಬೆಳಗಿನ ಜಾವ ಎಚ್ಚರವಾಗುವುದು ದೇಹ ಸರಿಹೋಗುತ್ತಿರುವುದರ ಗುರುತು. ಮಧ್ಯಾಹ್ನದ ಮೇಲೆ ಕಾಫಿ ಬೇಡ, ಏಳುವ ಹೊತ್ತು ಬದಲಿಸಬೇಡಿ, ಹಗಲು ನಿದ್ದೆ ಬೇಡ. ನಿದ್ದೆಮಾತ್ರೆಯಂತೂ ಖಂಡಿತ ಬೇಡ.

ನಡುವೆ ಒಂದು ದಿನ ಕುಡಿದುಬಿಟ್ಟರೆ? ಅಪಾಯವಿರುವುದು ಆ ಒಂದು ಗ್ಲಾಸಿಗಿಂತ ‘ಹೇಗೂ ಕೆಟ್ಟಿತು, ಇನ್ನು ಪೂರ್ತಿ ಆಗಲಿ’ ಎಂಬ ಮಾತಿನಲ್ಲಿ. ಮರುದಿನ ಎಲ್ಲಿ, ಯಾರ ಜೊತೆ, ಮೊದಲ ಗುಟುಕಿಗೆ ಅರ್ಧ ಗಂಟೆ ಮುಂಚೆ ಏನಾಗಿತ್ತು, ಮುಂದಿನ ಸಲ ಅಲ್ಲಿ ಏನು ಬದಲಿಸಬಹುದು ಎಂದು ನಾಲ್ಕು ಸಾಲು ಬರೆದು, ದಿನದ ಎಣಿಕೆ ಮುಂದುವರಿಸಿ. ಸೊನ್ನೆಯಿಂದ ಮತ್ತೆ ಎಣಿಸಬೇಕಿಲ್ಲ.

ನಾಲ್ಕು ವಾರ ಸಲೀಸಾಗಿ ಕಳೆದರೆ ಮುಂದೇನು ಎಂಬುದನ್ನು ಎಚ್ಚರದ ತಲೆಯಿಂದ ನಿರ್ಧರಿಸಬಹುದು. ಎರಡು ಸಲಕ್ಕಿಂತ ಹೆಚ್ಚು ಜಾರಿದ್ದರೆ, ‘ತಿಂಗಳು ಯಾವಾಗ ಮುಗಿಯುತ್ತದೆ’ ಎಂದು ದಿನ ಎಣಿಸಿದ್ದರೆ, ಅಥವಾ ಐದನೇ ವಾರದ ಮೊದಲ ರಾತ್ರಿಯೇ ಹಳೆಯ ಗ್ರಾಂ ಲೆಕ್ಕಕ್ಕೆ ಮರಳಿದ್ದರೆ, ಭೇಟಿಗೆ ಸಮಯ ಗೊತ್ತುಮಾಡಿ. ಇನ್ನೊಂದು ಪರೀಕ್ಷೆ ಶುರುಮಾಡಬೇಡಿ.

ಮೊದಲ ಭೇಟಿ

ನೇರ ಮನೋವೈದ್ಯರ ಬಳಿಗೇ ಹೋಗಬೇಕೆಂದಿಲ್ಲ. ಸಾಮಾನ್ಯ ವೈದ್ಯರು, ಕಾಲೇಜು ಅಥವಾ ಕಚೇರಿಯ ಆಪ್ತಸಲಹೆಗಾರರು, ಸರ್ಕಾರಿ ಸಹಾಯವಾಣಿ ಯಾವುದಾದರೂ ಬಾಗಿಲಾಗಬಹುದು. 5ರಿಂದ 15 ನಿಮಿಷದ ರಚನಾಬದ್ಧ ಮಾತುಕತೆಯೊಂದರಿಂದಲೇ ಅಪಾಯದ ಮಟ್ಟದಲ್ಲಿ ಕುಡಿಯುವವರ ಕುಡಿತ ಇಳಿಯುತ್ತದೆ ಎಂಬುದು ಚೆನ್ನಾಗಿ ಪರೀಕ್ಷಿಸಿದ ಸಂಗತಿ. ಆದರೆ ನಡುಕ, ಫಿಟ್ಸ್ ಇದ್ದವರು ಮನೋವೈದ್ಯರೋ ಫಿಸಿಷಿಯನ್ನೋ ಇರುವ ಆಸ್ಪತ್ರೆಗೇ ಹೋಗಬೇಕು. ಸಾಯಬೇಕು ಎಂಬ ಯೋಚನೆ ಬರುತ್ತಿದ್ದರೆ ಅವತ್ತೇ ಹೋಗಬೇಕು, ಒಬ್ಬರನ್ನು ಜೊತೆಗೆ ಕರೆದುಕೊಂಡು.

ಒಯ್ಯಬೇಕಾದದ್ದು ಒಂದು ಪುಟ: ವಾರದ ಗ್ರಾಂ ಲೆಕ್ಕ, ಆಡಿಟ್ ಅಂಕ, ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಹೆಸರು, ಕೊನೆಯ ಸಲ ಕುಡಿದ ದಿನ ಮತ್ತು ಹೊತ್ತು. ಸಿಗರೇಟು, ಗಾಂಜಾ, ಬೇರೇನಾದರೂ ಇದ್ದರೆ ಅದೂ. ಕೂತ ಕೂಡಲೇ ಹೊಟ್ಟೆನೋವಿನಿಂದ ಶುರುಮಾಡಿದರೆ ಭೇಟಿ ಹೊಟ್ಟೆನೋವಿನಲ್ಲೇ ಮುಗಿಯುತ್ತದೆ. ಮೊದಲ ವಾಕ್ಯವನ್ನು ಮನೆಯಲ್ಲೇ ಬರೆದುಕೊಂಡು, ಬೇಕಾದರೆ ಓದಿಬಿಡಿ: ‘ಡಾಕ್ಟ್ರೇ, ವಾರಕ್ಕೆ ಎರಡು ದಿನ, ಒಂದೊಂದು ಸಲಕ್ಕೆ 80 ಗ್ರಾಂನಷ್ಟು ಕುಡೀತೀನಿ. ಒಂದು ತಿಂಗಳು ಬಿಡೋಕೆ ನೋಡ್ದೆ, ಆಗ್ಲಿಲ್ಲ. ಇದಕ್ಕೆ ಸಹಾಯ ಬೇಕು.’ ಮುಂದಿನ ಪ್ರಶ್ನೆ ನಿಮ್ಮದೇ: ‘ಇದು ಯಾರಿಗೆಲ್ಲ ಗೊತ್ತಾಗುತ್ತೆ? ಏನು ದಾಖಲಾಗುತ್ತೆ?’ ಕಚೇರಿಯ ಆಪ್ತಸಲಹೆಗಾರರಾದರೆ ಈ ಪ್ರಶ್ನೆಯನ್ನು ಎಲ್ಲಕ್ಕಿಂತ ಮೊದಲು ಕೇಳಿ.

ಕುಡಿತದ ಪ್ರಮಾಣವನ್ನು ಅರ್ಧಕ್ಕಿಳಿಸಿ ಹೇಳುವುದು ಸಾಮಾನ್ಯ. ಅದರಿಂದ ಕೆಡುವುದು ಔಷಧಿಯ ಆಯ್ಕೆ ಮತ್ತು ವಿತ್‌ಡ್ರಾಯಲ್, ಅಂದರೆ ಬಿಟ್ಟಾಗ ಬರುವ ನಡುಕ, ಫಿಟ್ಸ್‌ಗಳ ಅಂದಾಜು. ರಕ್ತಪರೀಕ್ಷೆಯಲ್ಲಿ ಲಿವರ್ ಕಿಣ್ವಗಳನ್ನು, ಅದರಲ್ಲೂ ಜಿಜಿಟಿಯನ್ನು, ಕೆಂಪು ರಕ್ತಕಣಗಳ ಗಾತ್ರವನ್ನು ನೋಡಬಹುದು. ಇಪ್ಪತ್ತೈದರ ವಯಸ್ಸಿನಲ್ಲಿ ಸಾಕಷ್ಟು ಕುಡಿಯುವವರ ವರದಿಯೂ ನಾರ್ಮಲ್ ಬರುತ್ತದೆ. ಆ ಕಾಗದವನ್ನು ಪರವಾನಗಿಯೆಂದು ಓದಿಕೊಳ್ಳಬೇಡಿ.

ಖಿನ್ನತೆ, ಗಾಬರಿ ಜೊತೆಗಿದ್ದರೆ ಅದನ್ನೂ ಹೇಳಿ. ಮದ್ಯದಿಂದಲೇ ಬಂದ ಕುಗ್ಗುವಿಕೆ ಬಿಟ್ಟ ಎರಡರಿಂದ ನಾಲ್ಕು ವಾರಗಳಲ್ಲಿ ಬಹಳಷ್ಟು ಇಳಿಯುತ್ತದೆ. ಇಳಿಯದಿದ್ದರೆ ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಬೇಕು. ಒಂದನ್ನು ಬಿಟ್ಟು ಇನ್ನೊಂದಕ್ಕೆ ಮಾತ್ರ ಮದ್ದು ಮಾಡಿದರೆ ಎರಡೂ ಮರಳುತ್ತವೆ.

ಔಷಧಿಗಳಲ್ಲಿ ಮೂರು ಹೆಸರು ಕೇಳಿಬರುತ್ತವೆ. ನಾಲ್ಟ್ರೆಕ್ಸೋನ್, ಸಾಮಾನ್ಯವಾಗಿ ದಿನಕ್ಕೆ 50 ಮಿ.ಗ್ರಾಂ., ಕುಡಿದಾಗ ಸಿಗುವ ಖುಷಿಯನ್ನೇ ಮಂಕಾಗಿಸುತ್ತದೆ. ಪೂರ್ತಿ ಬಿಡದವರಿಗೂ ಕೊಡಬಹುದು. ಆದರೆ ಟ್ರಮಡಾಲ್, ಕೊಡೀನ್ ಥರದ ಓಪಿಯಾಯ್ಡ್ ನೋವಿನ ಮಾತ್ರೆ ತೆಗೆದುಕೊಳ್ಳುವವರಿಗೆ ಆಗದು. ಅಕಾಂಪ್ರೊಸೇಟ್ ಬಿಟ್ಟ ಮೇಲೆ ಉಳಿಯುವ ಚಡಪಡಿಕೆಗೆ. ದಿನಕ್ಕೆ ಮೂರು ಸಲ ನುಂಗಬೇಕು, ಮೂತ್ರಪಿಂಡ ಸರಿಯಿರಬೇಕು. ಮೂರನೆಯದು ಡೈಸಲ್ಫಿರಾಮ್. ಅದನ್ನು ತೆಗೆದುಕೊಂಡು ಕುಡಿದರೆ ಮುಖ ಕೆಂಪೇರಿ, ಎದೆ ಬಡಿದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಕೊನೆಯ ಗುಟುಕಿನ ನಂತರ ಕನಿಷ್ಠ 12 ಗಂಟೆ ಕಳೆದಿರಬೇಕು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಈ ಪ್ರತಿಕ್ರಿಯೆ ಬರಬಹುದು, ಮದ್ಯಸಾರವಿರುವ ಕೆಮ್ಮಿನ ಸಿರಪ್‌ನಿಂದಲೂ. ಒಪ್ಪಿ, ತಿಳಿದು ತೆಗೆದುಕೊಳ್ಳುವವರಿಗೆ ಮಾತ್ರ ಇದು. ಊಟದಲ್ಲಿ ಗುಟ್ಟಾಗಿ ಬೆರೆಸಿ ಕುಡಿತ ಬಿಡಿಸುವ ಪುಡಿ, ಹನಿ ಎಂದು ಏನನ್ನಾದರೂ ಮಾರುತ್ತಿದ್ದರೆ ದೂರ ಇರಿ. ಅದರಲ್ಲಿ ಇದೇ ಇದ್ದರೆ ಗೊತ್ತಿಲ್ಲದೆ ಕುಡಿದವನ ಜೀವ ಹೋಗಬಹುದು.

ಗುಂಪು ಕೂಟಗಳೂ ಇವೆ. 1935ರಲ್ಲಿ ಅಮೆರಿಕದ ಓಹಾಯೊ ರಾಜ್ಯದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಪುಕ್ಕಟೆ, ಹೆಸರು ಗುಟ್ಟಾಗಿರುತ್ತದೆ. ಮೊದಲ ಕೂಟದಲ್ಲಿ ಎಲ್ಲರೂ ತಮಗಿಂತ ದೊಡ್ಡವರೆಂದು ಯುವಜನ ವಾಪಸಾಗುವುದುಂಟು. ಬೇರೆ ಹೊತ್ತಿನ, ಬೇರೆ ಜಾಗದ ಅಥವಾ ಆನ್‌ಲೈನ್ ಕೂಟ ಎರಡು ಮೂರು ನೋಡಿ ಆಮೇಲೆ ನಿರ್ಧರಿಸಿ. ಸಲಹೆಗಾರರೂ ಹಾಗೆಯೇ, ಒಬ್ಬರ ಮಾತು ಹಿಡಿಸದಿದ್ದರೆ ಇನ್ನೊಬ್ಬರು.

ಎದ್ದುಬರುವ ಮುನ್ನ ಮುಂದಿನ ಭೇಟಿಯ ದಿನಾಂಕ ಬರೆಸಿಕೊಳ್ಳಿ. ‘ಬೇಕಾದರೆ ಬನ್ನಿ’ ಎಂದರೆ ಯಾರೂ ಬರುವುದಿಲ್ಲ. ಎರಡು ವಾರದೊಳಗೆ ಒಂದು, ಆಮೇಲೆ ತಿಂಗಳಿಗೊಂದರಂತೆ ಮೂರು ತಿಂಗಳು ಎಂದು ಕೇಳಿ.

ಗೆಳೆಯರಿಗೆ, ರೂಮ್‌ಮೇಟ್‌ಗಳಿಗೆ

ಕುಡಿದಾಗ ಬುದ್ಧಿ ಹೇಳಬೇಡಿ, ಹ್ಯಾಂಗೋವರ್ ಇಳಿದ ಮೇಲೆ, ಇಬ್ಬರೇ ಇದ್ದಾಗ ಮಾತಾಡಿ. ಕಂಡದ್ದನ್ನು ಮಾತ್ರ ಹೇಳಿ: ‘ಹೋದ ಶನಿವಾರ ಮನೆಗೆ ಹೇಗೆ ಬಂದೆ ಅಂತ ನಿಂಗೇ ಗೊತ್ತಿರ್ಲಿಲ್ಲ. ನಂಗೆ ಹೆದರಿಕೆ ಆಯ್ತು.’ ‘ನೀನು ಕುಡುಕ ಆಗ್ತಿದೀಯ’ ಎಂದರೆ ವಾದ ಮಾಡಬಹುದು. ಶನಿವಾರದ ಜೊತೆ ವಾದ ಮಾಡುವುದು ಕಷ್ಟ. ಆಮೇಲೆ ಒಂದೇ ಒಂದು ಸಹಾಯವನ್ನು ಮುಂದಿಡಿ, ಅಪಾಯಿಂಟ್‌ಮೆಂಟ್ ನಾನೇ ತೆಗೆಯುತ್ತೇನೆ, ಜೊತೆಗೆ ಬರುತ್ತೇನೆ ಅಂತ. ರಜೆಗೆ ಸುಳ್ಳು ಹೇಳಿಕೊಡುವುದು, ಸಾಲ ತೀರಿಸುವುದು, ಅವನ ಪಾಲಿನ ಕೆಲಸ ಮಾಡಿಕೊಡುವುದು ನಿಲ್ಲಲಿ.

ಕೊನೆಗೆ, ವಿಪರೀತ ಕುಡಿದು ಬಿದ್ದವರ ವಿಷಯ. ಕೂಗಿದರೂ ಚಿವುಟಿದರೂ ಏಳದಿದ್ದರೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಿದ್ದರೆ ಅಥವಾ ಎರಡು ಉಸಿರಿನ ನಡುವೆ ಹತ್ತು ಸೆಕೆಂಡಿಗೂ ಹೆಚ್ಚು ಅಂತರವಿದ್ದರೆ, ತುಟಿ ನೀಲಿಗಟ್ಟಿ ಮೈ ತಣ್ಣಗಾಗಿದ್ದರೆ, ಫಿಟ್ಸ್ ಬಂದರೆ ತಕ್ಷಣ ಆಂಬುಲೆನ್ಸ್ ಕರೆಯಿರಿ. ಇವುಗಳಲ್ಲಿ ಒಂದೇ ಕಂಡರೂ ಸಾಕು. ‘ಮಲಗಿ ಎದ್ದರೆ ಸರಿಹೋಗ್ತಾನೆ’ ಎಂದು ಕೋಣೆಯಲ್ಲಿ ಬಿಟ್ಟುಹೋಗಬೇಡಿ. ಹೊಟ್ಟೆಯಲ್ಲಿರುವ ಮದ್ಯ ರಕ್ತಕ್ಕೆ ಇನ್ನೂ ಏರುತ್ತಿರುತ್ತದೆ. ಒಂದು ಪಕ್ಕಕ್ಕೆ ಹೊರಳಿಸಿ, ಮೇಲಿನ ಕಾಲಿನ ಮೊಣಕಾಲು ಮಡಿಸಿ ಮುಂದಕ್ಕೆ ಇರಿಸಿ, ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ ಬಾಯಿ ಕೆಳಮುಖವಾಗಿರುವಂತೆ ಮಾಡಿ. ವಾಂತಿಯಾದರೂ ಅದು ಉಸಿರುನಾಳಕ್ಕೆ ಹೋಗುವ ಅಪಾಯ ಕಡಿಮೆಯಾಗುತ್ತದೆ. ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸುವುದು, ಮಜ್ಜಿಗೆ, ನಿಂಬೆರಸ, ಕಾಫಿ ಕುಡಿಸುವುದು, ತಣ್ಣೀರು ಸುರಿಯುವುದು ಬೇಡ. ಉಸಿರು ನಿಂತರೆ ಮಲಗಿಸಿ ಎದೆ ಒತ್ತಲು ಶುರುಮಾಡಿ. ಆಂಬುಲೆನ್ಸಿನವರಿಗೆ ಏನು ಕುಡಿದದ್ದು, ಎಷ್ಟು, ಯಾವಾಗ ಶುರುಮಾಡಿದ್ದು, ಜೊತೆಗೆ ಮಾತ್ರೆ ಅಥವಾ ಬೇರೆ ನಶೆ ಇತ್ತೇ ಎಂಬುದನ್ನು ಮುಚ್ಚಿಡದೆ ಹೇಳಿ. ಖಾಲಿ ಬಾಟಲಿ, ಮಾತ್ರೆಯ ಪಟ್ಟಿ ಸಿಕ್ಕರೆ ಅವರ ಕೈಗೆ ಕೊಡಿ.